ಅಟ್ಟದ ಮೇಲೆ ಓಡೋದು ಯಾವ ಇಲಿ? ಚೌತಿಗೆ ಮೊದಲು ಏನಾದರೂ ಮಾಡಬೇಕು

ಕೋಡಿಬಾಗದಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರದ ಕೋಡಿಬಾಗದಲ್ಲಿ ಹಳೆಯ ಹಂಚಿನ ಮನೆ. ಚಿರೆಕಲ್ಲಿನ ಗೋಡೆ, ಮರದ ಅಟ್ಟ, ಹಿಂದೆ ಬಾವಿ, ಮಾಡಿನ (ಛಾವಣಿಯ) ಮೇಲೆ ಒರಗಿಕೊಂಡ ಹಾಗೆ ಒಂದು ಮಾವಿನ ಮರ. ಮಾವನವರ ಕಾಲದ್ದು. ನಾವು ಹುಬ್ಬಳ್ಳಿಯ ಫ್ಲ್ಯಾಟ್ ಬಿಟ್ಟು ಇಲ್ಲಿಗೆ ಬಂದು ಎರಡು ವರ್ಷ ಆಯಿತು. ಮಳೆ, ಮೀನು, ಸಮುದ್ರ ಎಲ್ಲ ಚೆನ್ನಾಗಿದೆ. ಇಲಿ ಮಾತ್ರ ಸಾಕಾಗಿ ಹೋಗಿದೆ.

ರಾತ್ರಿ ಹನ್ನೊಂದಾದರೆ ಅಟ್ಟದ ಮೇಲೆ ಓಟ ಶುರು. ಯಾರೋ ಹಲಗೆ ಮೇಲೆ ಅಡಿಕೆ ಉರುಳಿಸಿದ ಹಾಗೆ ಶಬ್ದ. ಇದು ಒಂದು. ಅಡುಗೆಮನೆಯ ಡ್ರಾಯರಿನಲ್ಲಿ ಬೆಳಿಗ್ಗೆ ಸಣ್ಣ ಕಪ್ಪು ಕಾಳು ಇರುತ್ತದೆ. ಮೊದಲ ಸಲ ಜೀರಿಗೆ ಡಬ್ಬಿ ಚೆಲ್ಲಿದೆ ಅಂದುಕೊಂಡು ಕೈಯಲ್ಲಿ ಬಾಚಿ ವಾಪಸ್ ಹಾಕಲು ಹೊರಟಿದ್ದೆ, ಹೇಳಿಕೊಳ್ಳಲು ನಾಚಿಕೆ. ಬಾವಿಕಟ್ಟೆ ಹತ್ತಿರ ಮುಷ್ಟಿ ಹೋಗುವಷ್ಟು ದೊಡ್ಡ ಬಿಲ, ಬಾಯಲ್ಲಿ ಮಣ್ಣಿನ ಗುಡ್ಡೆ. ಇದರ ಜೊತೆಗೆ ಬಚ್ಚಲಿನಲ್ಲಿ ಗೋಡೆ ಅಂಚಿಗೇ ಓಡುವ ಉದ್ದ ಮೂತಿಯದು ಒಂದಿದೆ. ಚಿಚಿಚಿ ಅನ್ನುತ್ತದೆ, ಅದು ಹೋದ ದಾರಿಯಲ್ಲಿ ಏನೋ ಕೆಟ್ಟ ವಾಸನೆ.

ಕಳೆದ ವರ್ಷ ನಮ್ಮವರು ಅಂಗಡಿಯಿಂದ ನೀಲಿ ಬಣ್ಣದ ವಿಷದ ಬಿಲ್ಲೆ ತಂದಿಟ್ಟರು. ಇಲಿ ಸತ್ತಿತು, ಆದರೆ ಅಟ್ಟದ ಹಲಗೆ ಸಂದಿಯಲ್ಲಿ. ಹತ್ತು ದಿನ ಮನೆಯಲ್ಲಿ ಊಟ ಇಳಿಯಲಿಲ್ಲ. ಆಮೇಲೆ ಕೀಟ ಓಡಿಸುವವರು ಅಂತ ಒಬ್ಬರನ್ನು ಕರೆಸಿದೆವು. ಅಂಟಿನ ಹಲಗೆ ನಾಲ್ಕು ನೆಲದ ಮೇಲೆ ಇಟ್ಟು, ದುಡ್ಡು ತೆಗೆದುಕೊಂಡು ಹೋದರು. ಬೆಳಿಗ್ಗೆ ನೋಡಿದರೆ ಎರಡು ಹಲ್ಲಿ, ಒಂದು ಓತಿಕ್ಯಾತದ ಮರಿ. ಇಲಿ ಒಂದೂ ಇಲ್ಲ.

ಚೌತಿಗೆ ಇನ್ನು ಮೂರು ವಾರ. ಹೋದ ಸಲ ಗಣಪತಿ ಮೇಲೆ ಕಾಯಿ ಹಣ್ಣು ತೂಗಿಸಿ ಕಟ್ಟಿದ ಮಾಟೋಳಿಯಲ್ಲಿ ಸೌತೆಕಾಯಿ, ಹೀರೆಕಾಯಿ ಎಲ್ಲ ರಾತ್ರೋರಾತ್ರಿ ಕಚ್ಚಿ ಹಾಕಿತ್ತು. ಅತ್ತೆ ಇನ್ನೂ ಮರೆತಿಲ್ಲ. ನನ್ನ ಪ್ರಶ್ನೆ ಇಷ್ಟೇ, ಇದೆಲ್ಲ ಒಂದೇ ಇಲಿಯ ಕೆಲಸವೋ ಬೇರೆ ಬೇರೆಯೋ? ನಮ್ಮವರು "ಇಲಿ ಅಂದರೆ ಇಲಿ" ಅನ್ನುತ್ತಾರೆ. ನನಗೆ ಹಾಗನ್ನಿಸುತ್ತಿಲ್ಲ.

ಅಟ್ಟದಡಿಕೆ

ಅಕ್ಕಾ, ನೀವೇ ಸರಿ. ನೀವು ಬರೆದದ್ದರಲ್ಲಿ ನಾಲ್ಕು ಬೇರೆ ಪ್ರಾಣಿ ಇವೆ, ಅದರಲ್ಲಿ ಒಂದು ಇಲಿಯೇ ಅಲ್ಲ. ನಮ್ಮದು ಶಿರಸಿ ಕಡೆ ತೋಟದ ಮನೆ. ಅಟ್ಟದಲ್ಲಿ ಅಡಿಕೆ ಚೀಲ, ಹಲಸಿನ ಹಪ್ಪಳ, ಬಚ್ಚಲುಮನೆ ಮೇಲೆ ಕಟ್ಟಿಗೆ. ಇಲಿಗೆ ಇದಕ್ಕಿಂತ ಒಳ್ಳೆ ಛತ್ರ ಬೇಕಾ? ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಅನುಭವ ಇದೆ, ಬಹಳಷ್ಟು ತಪ್ಪು ಮಾಡಿ ಬಂದದ್ದು.

ಅಟ್ಟದ ಮೇಲೆ ಓಡುವುದು ಮಾಡಿನ ಇಲಿ. ಕರಿ ಇಲಿ ಅಂತಲೂ ಹೇಳುತ್ತಾರೆ, ಆದರೆ ನಮ್ಮ ಕಡೆ ಬಣ್ಣ ಕಂದು ಇರುವುದೇ ಜಾಸ್ತಿ, ಬಣ್ಣ ನೋಡಿ ಗುರುತು ಹಿಡಿಯಲು ಹೋಗಬೇಡಿ. ಬಾಲ ನೋಡಿ. ತಲೆ ಮೈ ಎರಡೂ ಸೇರಿದ ಉದ್ದಕ್ಕಿಂತ ಬಾಲ ಉದ್ದ ಇರುತ್ತದೆ. ಸತ್ತದ್ದು ಸಿಕ್ಕಿದರೆ ಕಡ್ಡಿಯಲ್ಲಿ ಬಾಲವನ್ನು ಬೆನ್ನ ಮೇಲಿಂದ ಮುಂದಕ್ಕೆ ತನ್ನಿ, ಮೂಗು ದಾಟಿ ಹೋಗುತ್ತದೆ. ಕಿವಿ ದೊಡ್ಡದು, ಮುಂದಕ್ಕೆ ಮಡಚಿದರೆ ಕಣ್ಣು ಮುಚ್ಚುತ್ತದೆ. ಇದು ಹತ್ತುವುದರಲ್ಲಿ ನಿಪುಣ. ಮರ, ತಂತಿ, ಕೊಳವೆ ಯಾವುದೂ ಆಗುತ್ತದೆ. ನಿಮ್ಮ ಮಾವಿನ ಮರವೇ ಅದರ ಹೆಬ್ಬಾಗಿಲು. ಮಾಟೋಳಿ ತಿಂದದ್ದೂ ಇದೇ, ಮೇಲಿಂದ ಇಳಿದು ನೇತಾಡುವ ಕಾಯಿ ತಿನ್ನುವುದು ಬೇರೆ ಇಲಿಗೆ ಕಷ್ಟ. ನಮ್ಮಲ್ಲಿ ಫಲಾವಳಿ ಅನ್ನುತ್ತೇವೆ, ನಮಗೂ ಒಂದು ಸಲ ಇದೇ ಗತಿ ಆಗಿತ್ತು.

ಡ್ರಾಯರಿನ ಜೀರಿಗೆ ಚಿಕ್ಕ ಇಲಿಯದು. ನಾವು ಚುಂಡಿಲಿ ಅನ್ನುತ್ತೇವೆ. ಇಡೀ ಪ್ರಾಣಿ 15ರಿಂದ 25 ಗ್ರಾಂ, ಅಷ್ಟೇ. ಮಾಡಿನ ಇಲಿ 200 ಗ್ರಾಂ ಆಸುಪಾಸು ತೂಗುತ್ತದೆ. ಹಿಕ್ಕೆಯಲ್ಲೇ ಗೊತ್ತಾಗುತ್ತದೆ: ಚುಂಡಿಲಿಯದು ಅರ್ಧ ಸೆಂಟಿಮೀಟರ್ ಕೂಡ ಇರುವುದು ಕಷ್ಟ, ತುದಿ ಚೂಪು. ಮಾಡಿನ ಇಲಿಯದು ಒಂದು ಸೆಂಟಿಮೀಟರ್ ಮೇಲೆ, ಅದೂ ಚೂಪು, ಸ್ವಲ್ಪ ಬಾಗಿರುತ್ತದೆ.

ಬಾವಿ ಹತ್ತಿರದ್ದು ಹೆಗ್ಗಣ, ಅದರಲ್ಲಿ ಅನುಮಾನವೇ ಬೇಡ. ಅಷ್ಟು ಮಣ್ಣು ಎತ್ತಿ ಹಾಕುವುದು ಅದೇ. ದೊಡ್ಡ ಜಾತಿಯದು ಒಂದು ಕಿಲೋವರೆಗೂ ಬೆಳೆಯುತ್ತದೆ. ಗದ್ದೆ ಬದುವಿನಲ್ಲಿ ಇರುವುದು ಅದರ ಚಿಕ್ಕ ಜಾತಿ, ಬಿಲದೊಳಗೆ ಭತ್ತದ ತೆನೆ ಕೂಡಿಟ್ಟುಕೊಳ್ಳುವುದು ಅದು.

ಬಚ್ಚಲಿನದು ಇಲಿ ಅಲ್ಲವೇ ಅಲ್ಲ. ಸೊಂಡಿಲಿ. ಮೂತಿ ಉದ್ದ, ಕಣ್ಣು ಸಾಸಿವೆಯಷ್ಟು, ಹಲ್ಲು ಇಲಿಯ ಹಾಗೆ ಕೊರೆಯುವ ಹಲ್ಲಲ್ಲ. ಅದು ಜಿರಳೆ, ಎರೆಹುಳ, ಹುಳಹುಪ್ಪಟೆ ತಿನ್ನುತ್ತದೆ. ವೈರು ಕಚ್ಚುವುದಿಲ್ಲ, ಬಟ್ಟೆ ಹರಿಯುವುದಿಲ್ಲ. ವಾಸನೆ ಒಂದೇ ಅದರ ತಪ್ಪು, ಮೈ ಪಕ್ಕದಲ್ಲಿ ಗ್ರಂಥಿ ಇದೆ. ಬೆಕ್ಕು ಹಿಡಿದರೂ ತಿನ್ನದೆ ಬಿಟ್ಟು ಹೋಗುತ್ತದೆ. ನಮ್ಮಜ್ಜಿ ಅದನ್ನು ಹೊಡೆಯಲು ಬಿಡುತ್ತಿರಲಿಲ್ಲ. ಬಿಟ್ಟುಬಿಡಿ, ನಿಮ್ಮ ಜಿರಳೆ ಖರ್ಚು ಉಳಿಯುತ್ತದೆ. ಒಂದು ಮಾತು, ಹೆಸರಿನಲ್ಲಿ ಗೊಂದಲ ಬೇಡ. ಸುಂಡಿಲಿ, ಚುಂಡಿಲಿ, ಸೊಂಡಿಲಿ ಅಂತ ಊರಿಗೊಂದು ಅರ್ಥ ಇದೆ. ಅಂಗಡಿಯವನ ಹತ್ತಿರ ಹೆಸರು ಹೇಳುವ ಬದಲು ಮೂತಿ ಹೇಳಿ.

ಯಾವುದು ಎಂದು ಗೊತ್ತಾಗದೆ ದುಡ್ಡು ಖರ್ಚು ಮಾಡಬೇಡಿ. ನಿಮ್ಮ ಅಂಟಿನ ಹಲಗೆಯವರು ಮಾಡಿದ್ದು ಅದೇ ತಪ್ಪು: ಅಟ್ಟದ ಇಲಿಗೆ ನೆಲದ ಮೇಲೆ ಹಲಗೆ ಇಟ್ಟರು.

ಮೂಷಿಕಪ್ರಿಯ

ಅಕ್ಕಾ, ಸುಮ್ನೆ ಹೊನ್ನಾವರದ ಇಡಗುಂಜಿಗೆ ಹೋಗಿ ಒಂದು ಹರಕೆ ಹೊತ್ತುಬಿಡಿ. ಅಲ್ಲಿನ ಗಣಪನ ಮೂರ್ತಿಯಲ್ಲಿ ಇಲಿಯೇ ಇಲ್ಲ, ಗಮನಿಸಿದ್ದೀರಾ? ಎರಡೇ ಕೈ, ಜೊತೆಗೆ ವಾಹನ ಇಲ್ಲ. ಅವನು ಇಲಿ ಓಡಿಸಿದ್ದು ಹೇಗೆ ಅಂತ ಅವನನ್ನೇ ಕೇಳಬೇಕು.

ಅಟ್ಟದಡಿಕೆ

ಓಡಿಸಿಲ್ಲ ಮಾರಾಯ, ನಮ್ಮ ಅಟ್ಟಕ್ಕೆ ಕಳಿಸಿದ್ದಾನೆ.

ಬೈತಖೋಲದಿಂದ

ಅಟ್ಟದಡಿಕೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅವರು ಘಟ್ಟದ ಮೇಲಿನವರು, ಐದನೆಯದನ್ನು ಬಿಟ್ಟಿದ್ದಾರೆ. ಬಂದರು ಪಟ್ಟಣಗಳಲ್ಲಿ ಚರಂಡಿ ಇಲಿ ಅಂತ ಇನ್ನೊಂದು ಇರುತ್ತದೆ. ಹಡಗಿನ ಜೊತೆ ಊರೂರು ಸುತ್ತಿದ ಜಾತಿ. ನಮ್ಮ ಮನೆಯಲ್ಲಿ ಒಣಮೀನಿನ ವ್ಯಾಪಾರ, ಹಾಗಾಗಿ ಇದು ನಮಗೆ ನೆಂಟರಿಗಿಂತ ಹತ್ತಿರ. ಮಾಡಿನ ಇಲಿಗಿಂತ ದಪ್ಪ, 300ರಿಂದ 500 ಗ್ರಾಂ. ಮೂತಿ ಮೊಂಡು, ಕಿವಿ ಸಣ್ಣದು, ಬಾಲ ಮೈಗಿಂತ ಗಿಡ್ಡ. ಹಿಕ್ಕೆ ಸುಮಾರು ಎರಡು ಸೆಂಟಿಮೀಟರ್, ಎರಡೂ ತುದಿ ಮೊಂಡು. ಚೆನ್ನಾಗಿ ಈಜುತ್ತದೆ. ಮೋರಿ ಕೊಳವೆಯೊಳಗಿಂದ ಬರುತ್ತದೆ, ಒಂದು ಸಲ ನಮ್ಮ ಪಕ್ಕದವರ ಶೌಚದ ಕಮೋಡಿನಿಂದಲೇ ತಲೆ ಎತ್ತಿತ್ತು, ಅವರ ಮಗ ಒಂದು ವಾರ ಶಾಲೆಯ ಶೌಚಕ್ಕೇ ಹೋಗುತ್ತಿದ್ದ.

ಹೆಗ್ಗಣಕ್ಕೂ ಇದಕ್ಕೂ ಜನ ತಪ್ಪು ತಿಳಿಯುತ್ತಾರೆ. ಹೆಗ್ಗಣವನ್ನು ಮೂಲೆಗೆ ಒತ್ತಿದರೆ ಮೈ ಮೇಲಿನ ಒರಟು ಕೂದಲು ನಿಮಿರಿಸಿ ಹಂದಿಯ ಹಾಗೆ ಗುರ್ ಅನ್ನುತ್ತದೆ. ಚರಂಡಿ ಇಲಿ ಹಾಗೆ ಮಾಡುವುದಿಲ್ಲ.

ಇನ್ನೊಂದು, ಚರಂಡಿ ಇಲಿಯ ಮರಿಯನ್ನು ಚುಂಡಿಲಿ ಅಂದುಕೊಂಡು ಮೋಸ ಹೋಗಬೇಡಿ. ಮರಿಗೆ ಮೈಗೆ ಹೊಂದದಷ್ಟು ದೊಡ್ಡ ತಲೆ, ದೊಡ್ಡ ಪಾದ. ನಾನು ಒಮ್ಮೆ ಚಿಕ್ಕ ಬೋನು ಇಟ್ಟು ಕಾದು ಕೂತೆ, ಹದಿನೈದು ದಿನಕ್ಕೆ ಅದು ಬೋನಿಗಿಂತ ದೊಡ್ಡದಾಗಿತ್ತು.

ಒಂದೇ ಏಟು

ಏನ್ರೀ ಇಷ್ಟೊಂದು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಕರಿ ಪುಡಿ ಪಾಷಾಣ ಸಿಗುತ್ತದೆ, ಅಕ್ಕಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ಕಲಸಿ ಇಡಿ. ಬೆಳಿಗ್ಗೆ ಎಲ್ಲ ಮುಗಿದಿರುತ್ತದೆ. ನಮ್ಮ ತೋಟದಲ್ಲಿ ಅದನ್ನೇ ಮಾಡುವುದು.

ಕುಮಟೆಯ ಕೊಬ್ಬರಿ

ತೋಟಕ್ಕೂ ಮನೆಗೂ ವ್ಯತ್ಯಾಸ ಇದೆ ಅಣ್ಣಾ. ನೀವು ಹೇಳುವ ಕರಿ ಪುಡಿ ಝಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲಕ್ಕೆ ತಾಗಿದರೆ ವಿಷದ ಗಾಳಿ ಹುಟ್ಟುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ. ಅಕ್ಕನ ಮನೆಯಲ್ಲಿ ಮಕ್ಕಳಿದ್ದಾರೋ, ನಾಯಿ ಬೆಕ್ಕು ಇವೆಯೋ ನಿಮಗೆ ಗೊತ್ತಾ? ಇನ್ನೊಂದು, ಅದನ್ನು ಒಂದೇ ಸಲ ಇಟ್ಟರೆ ಕೆಲಸ ಮಾಡುವುದೂ ಇಲ್ಲ. ಇಲಿ ಸ್ವಲ್ಪ ರುಚಿ ನೋಡುತ್ತದೆ, ಹೊಟ್ಟೆ ಕೆಟ್ಟರೂ ಸಾಯದೆ ಉಳಿದರೆ ಮುಂದೆ ಆ ತಿಂಡಿಯ ಹತ್ತಿರ ಬರುವುದಿಲ್ಲ. ಅದಕ್ಕೇ ಮೊದಲು ಎರಡು ಮೂರು ದಿನ ವಿಷ ಇಲ್ಲದ ಅಕ್ಕಿ ಇಟ್ಟು ರೂಢಿ ಮಾಡಿಸಿ, ಆಮೇಲೆ ವಿಷ ಬೆರೆಸಿದ್ದು ಇಡುವ ಪದ್ಧತಿ ಇರುವುದು. ಅದೂ ಗದ್ದೆ ತೋಟದಲ್ಲಿ.

ಟ್ಯೂಬಿನಲ್ಲಿ ಬರುವ ಪೇಸ್ಟ್ ಇನ್ನೂ ಕೆಟ್ಟದು. ಅದರಲ್ಲಿ ಹಳದಿ ರಂಜಕ ಇರುತ್ತದೆ, ಅದು ಮನುಷ್ಯರ ಯಕೃತ್ತನ್ನೇ ಹಾಳು ಮಾಡುತ್ತದೆ, ಪ್ರತಿವಿಷ ಅದಕ್ಕೂ ಇಲ್ಲ. ಟೂತ್‌ಪೇಸ್ಟ್ ಅಂದುಕೊಂಡು ಮಕ್ಕಳು ಬಾಯಿಗೆ ಹಾಕಿಕೊಂಡದ್ದಿದೆ. ಮನೆಯೊಳಗೆ ಅದನ್ನು ತರಲೇಬೇಡಿ. ಹೆಗ್ಗಣದ ಬಿಲಕ್ಕೆ ಹಾಕಿ ಅಂತ ಯಾರಾದರೂ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಕೊಟ್ಟರೆ ಮುಟ್ಟಬೇಡಿ, ಅದರ ಗಾಳಿ ಗೋಡೆ ಸಂದಿಯಲ್ಲಿ ಮನೆಯೊಳಗೆ ಬಂದರೆ ಮಲಗಿದವರು ಏಳುವುದಿಲ್ಲ.

ಅಕ್ಕಾ, ನಿಮ್ಮವರು ತಂದ ನೀಲಿ ಬಿಲ್ಲೆ ಬಹುಶಃ ಬ್ರೊಮಾಡಿಯೊಲೋನ್ ಇದ್ದಿರಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಮೂರು ದಿನದಿಂದ ಒಂದು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಇಲಿ ಎಲ್ಲಿ ಬೇಕಾದರೂ ಹೋಗಿ ಸಾಯಬಹುದು, ನಿಮಗೆ ಅಟ್ಟದಲ್ಲಿ ಸಿಕ್ಕಿತು. ಹೊರಗೆ ಹೋಗಿ ನೀರು ಕುಡಿದು ಸಾಯುತ್ತದೆ ಅನ್ನುವುದು ಅಂಗಡಿ ಮಾತು. ಇದಕ್ಕೆ ವಿಟಮಿನ್ ಕೆ ಅಂತ ಔಷಧ ಇದೆ, ಅದೊಂದು ಸಮಾಧಾನ. ಆದರೆ ವಿಷ ತಿಂದ ಇಲಿಯನ್ನು ಗೂಬೆಯೋ ಬೆಕ್ಕೋ ತಿಂದರೆ ಅವೂ ಹೋಗುತ್ತವೆ. ಇಲಿ ಹಿಡಿಯುವವರನ್ನು ಕೊಂದು ಇಲಿ ಸಾಕಿದ ಹಾಗೆ.

ನನ್ನದು ತೆಂಗಿನ ತೋಟ. ಎಳೆಕಾಯಿಗೆ ತೂತು ಕೊರೆದು ಬೀಳಿಸುವುದು ಇದೇ ಮಾಡಿನ ಇಲಿ, ಸುಳಿಯಲ್ಲೇ ಗೂಡು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುವುದು ಐದು ಮರಕ್ಕೊಂದು ಮರದ ಸುಳಿಯಲ್ಲಿ ಇದೇ ಬ್ರೊಮಾಡಿಯೊಲೋನಿನ 10 ಗ್ರಾಮಿನ ಬಿಲ್ಲೆ, 12 ದಿನ ಬಿಟ್ಟು ಇನ್ನೊಂದು. ತೋಟದಲ್ಲಿ ಅದಕ್ಕೆ ಅರ್ಥ ಇದೆ. ನಾನು ಮಾತ್ರ ಈಗ ಕಾಂಡಕ್ಕೆ ಆಳೆತ್ತರದ ಮೇಲೆ ಒಂದಡಿ ಅಗಲದ ನುಣುಪು ತಗಡು ಸುತ್ತಿಬಿಟ್ಟಿದ್ದೇನೆ. ಕಾಲು ಜಾರುತ್ತದೆ, ಹತ್ತಲು ಆಗುವುದಿಲ್ಲ. ಒಂದು ಮರದ ಗರಿ ಇನ್ನೊಂದಕ್ಕೆ ತಾಗುತ್ತಿದ್ದರೆ ಇದೂ ದಂಡ, ಗರಿಯಿಂದ ಗರಿಗೆ ದಾಟಿ ಬರುತ್ತದೆ. ನಿಮ್ಮ ಮಾವಿನ ಮರಕ್ಕೂ ಮಾಡಿಗೂ ಇದೇ ಲೆಕ್ಕ ಅಕ್ಕಾ.

ಒಂದೇ ಏಟು

ಸರಿ ಮಾರಾಯ್ರೆ, ತೋಟದ ಮಾತು ಹೇಳಿದೆ. ಮನೆಗೆ ಬೇಡ. ನಾಯಿ ಒಂದು ಕಳೆದುಕೊಂಡಿದ್ದೇನೆ ನಾನೂ, ಆಗ ಕಾರಣ ಹೊಳೆದಿರಲಿಲ್ಲ.

ಕೋಡಿಬಾಗದಕ್ಕ

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮನೆಯಲ್ಲಿ ಮೊಮ್ಮಗ ಇದ್ದಾನೆ, ಒಂದೂವರೆ ವರ್ಷ, ಕಂಡದ್ದೆಲ್ಲ ಬಾಯಿಗೆ. ವಿಷ ಬೇಡವೇ ಬೇಡ.

ನಿನ್ನೆ ರಾತ್ರಿ ಅಟ್ಟದ ಹಲಗೆ, ಅಡುಗೆಮನೆ ಮೂಲೆ, ಬಚ್ಚಲ ಬಾಗಿಲು ಮೂರೂ ಕಡೆ ರಂಗೋಲಿ ಪುಡಿ ತೆಳ್ಳಗೆ ಉದುರಿಸಿದೆ. ನನ್ನದೇ ಬುದ್ಧಿ! ಬೆಳಿಗ್ಗೆ ಹೆಜ್ಜೆ ಗುರುತು ಚೆನ್ನಾಗಿ ಮೂಡಿತ್ತು, ಅಟ್ಟದಲ್ಲಿ ನಡುವೆ ಬಾಲ ಎಳೆದ ಗೆರೆ ಕೂಡ. ಎಲ್ಲ ಹೆಜ್ಜೆ ಮಾವಿನ ಮರದ ಕಡೆಯ ಮೂಲೆಗೇ ಹೋಗುತ್ತವೆ. ಅಲ್ಲಿನ ಪಕಾಸಿನ (ಮಾಡಿನ ಮರದ ಪಟ್ಟಿಯ) ಮೇಲೆ ಕಪ್ಪು ಜಿಡ್ಡಿನ ಪಟ್ಟೆ ಇದೆ, ನಾನು ಅದನ್ನು ಹೊಗೆ ಅಂದುಕೊಂಡಿದ್ದೆ. ಈಗ ಹೇಳಿ, ಮರದ ಕೊಂಬೆ ಎಷ್ಟು ಕಡಿಯಬೇಕು? ಬೋನಿನಲ್ಲಿ ಏನು ಇಡಬೇಕು? ಬೋನು ಮೊದಲೋ ಸಂದಿ ಮುಚ್ಚುವುದು ಮೊದಲೋ?

ಅಟ್ಟದಡಿಕೆ

ರಂಗೋಲಿ ಪುಡಿ! ಅಕ್ಕಾ, ನಾನು ಇಷ್ಟು ವರ್ಷ ಬೂದಿ ಹಾಕುತ್ತಿದ್ದೆ, ಅಟ್ಟದ ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ.

ಆ ಕಪ್ಪು ಪಟ್ಟೆ ಅದರ ಮೈ ಜಿಡ್ಡು. ಇಲಿ ದಿನಾ ಒಂದೇ ದಾರಿಯಲ್ಲಿ ಮೈ ಉಜ್ಜಿಕೊಂಡು ಓಡಾಡುತ್ತದೆ, ಕಣ್ಣಿಗಿಂತ ಮೀಸೆಯನ್ನು ನಂಬುವ ಪ್ರಾಣಿ. ಅದೇ ಪಟ್ಟೆಯ ಮೇಲೆ ಬೋನು ಇಟ್ಟರೆ ಅರ್ಧ ಕೆಲಸ ಆಯಿತು. ಕೊಂಬೆ ಮಾಡಿನಿಂದ ಐದಾರು ಅಡಿ ದೂರ ಆಗುವ ಹಾಗೆ ಕಡಿಸಿ. ಹಿಡಿದು ಹಾರುವುದರಲ್ಲಿ ಅದು ಮಂಗಕ್ಕೆ ಕಡಿಮೆ ಇಲ್ಲ. ಟಿವಿ ಕೇಬಲ್, ಬಟ್ಟೆ ಹಗ್ಗ ಮಾಡಿಗೆ ಕಟ್ಟಿದ್ದರೆ ಅದನ್ನೂ ನೋಡಿ.

ಬೋನು ಮೊದಲು, ಸಂದಿ ಆಮೇಲೆ. ಒಳಗೆ ಇರುವಾಗಲೇ ಎಲ್ಲ ಮುಚ್ಚಿದರೆ ಒಳಗೇ ಸತ್ತು ಮತ್ತೆ ಹತ್ತು ದಿನದ ವಾಸನೆ, ಇಲ್ಲವೇ ಹೊಸ ದಾರಿ ಕೊರೆಯುತ್ತದೆ. ಅದರ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕೊರೆಯದೆ ಇರಲು ಆಗುವುದೇ ಇಲ್ಲ.

ದೊಡ್ಡ ಇಲಿಗೂ ಚುಂಡಿಲಿಗೂ ಸ್ವಭಾವ ತದ್ವಿರುದ್ಧ, ಇದನ್ನು ತಿಳಿದುಕೊಂಡ ಮೇಲೆಯೇ ನನಗೆ ಬೋನು ಒಲಿದದ್ದು. ದೊಡ್ಡ ಇಲಿ ಮಹಾ ಸಂಶಯದ ಪ್ರಾಣಿ. ಹೊಸ ವಸ್ತು ಕಂಡರೆ ದೂರ. ಅದಕ್ಕೆ ಬೋನನ್ನು ಬಾಗಿಲು ತೆರೆದೇ ಇಟ್ಟು, ಬೀಳದ ಹಾಗೆ ತಂತಿ ಕಟ್ಟಿ, ನಾಲ್ಕೈದು ದಿನ ಒಳಗೆ ಸುಮ್ನೆ ತಿಂಡಿ ಹಾಕುತ್ತಾ ಹೋಗಿ. ತಿಂದು ಹೋಗಲಿ, ಧೈರ್ಯ ಬರಲಿ. ಆರನೇ ದಿನ ತಂತಿ ಬಿಚ್ಚಿ. ಚುಂಡಿಲಿ ಹಾಗಲ್ಲ, ಹೊಸದು ಕಂಡರೆ ಮೂಸಲು ಬರುತ್ತದೆ. ಆದರೆ ಗೂಡಿನಿಂದ ಹೆಚ್ಚು ದೂರ ಹೋಗುವುದಿಲ್ಲ. ಅದಕ್ಕೆ ಒಂದೇ ಬೋನು ಸಾಲದು, ಒಂದೆರಡು ಮಾರಿಗೊಂದರಂತೆ ಸಣ್ಣ ಇಲಿಕತ್ತರಿ ಇಡಬೇಕು. ಕತ್ತರಿಯ ತಿಂಡಿ ಇಡುವ ತುದಿ ಗೋಡೆ ಕಡೆ ಇರಲಿ. ಮೊಮ್ಮಗನ ಕೈಗೆ ಸಿಗದ ಹಾಗೆ ಕಪಾಟಿನ ಹಿಂದೆ, ರಾತ್ರಿ ಇಟ್ಟು ಬೆಳಿಗ್ಗೆ ತೆಗೆದುಬಿಡಿ.

ತಿಂಡಿಗೆ ಒಣಕೊಬ್ಬರಿ ಚೂರು ಕೆಂಡದ ಮೇಲೆ ಸುಟ್ಟು ಕಟ್ಟಿ. ಸುಮ್ನೆ ಇಡುವುದಲ್ಲ, ದಾರದಲ್ಲಿ ಕಟ್ಟಬೇಕು. ಇಲ್ಲದಿದ್ದರೆ ಎತ್ತಿಕೊಂಡು ಹೋಗಿ ಅಟ್ಟದಲ್ಲಿ ಕೂತು ತಿನ್ನುತ್ತದೆ.

ಬೈತಖೋಲದಿಂದ

ಕೊಬ್ಬರಿ ಘಟ್ಟದವರಿಗೆ. ಕಾರವಾರದ ಇಲಿಗೆ ಒಣ ಸೀಗಡಿ ಇಟ್ಟು ನೋಡಿ, ಆಮೇಲೆ ಮಾತಾಡೋಣ.

ಸಂದಿ ಮುಚ್ಚುವ ವಿಷಯಕ್ಕೆ ಬರುತ್ತೇನೆ. ಚುಂಡಿಲಿಗೆ ಅರ್ಧ ಸೆಂಟಿಮೀಟರ್ ಮೇಲಿದ್ದರೆ ಸಾಕು, ಪೆನ್ಸಿಲ್ ಹೋಗುವ ಸಂದಿಯಲ್ಲಿ ಅದೂ ಹೋಗುತ್ತದೆ. ದೊಡ್ಡ ಇಲಿಗೆ ಹೆಬ್ಬೆರಳು ಹೋಗುವಷ್ಟು ಬೇಕು. ಹಾಗಾಗಿ ಕಾಲು ಇಂಚು ಕಣ್ಣಿನ ಲೋಹದ ಜಾಲರಿಯೇ ಆಗಬೇಕು, ಸೊಳ್ಳೆ ಪರದೆಯ ನೈಲಾನ್ ಜಾಲರಿ ಒಂದು ರಾತ್ರಿಗೆ ಮುಗಿಯಿತು. ಗೋಡೆಯ ತಲೆಗೂ ಹಂಚಿಗೂ ನಡುವೆ ಇರುವ ಸಂದಿ ಹಂಚಿನ ಮನೆಯಲ್ಲಿ ದೊಡ್ಡ ಸಮಸ್ಯೆ, ಅದನ್ನು ಸುತ್ತಲೂ ನೋಡಬೇಕು. ನಮ್ಮ ಕರಾವಳಿಯಲ್ಲಿ ಒಂದು ಎಚ್ಚರ: ಮಾಮೂಲಿ ಕಬ್ಬಿಣದ ಜಾಲರಿ ಉಪ್ಪು ಗಾಳಿಗೆ ಎರಡು ಮೂರು ಮಳೆಗಾಲದಲ್ಲಿ ಪುಡಿ. ಪಾತ್ರೆ ತಿಕ್ಕುವ ಕಬ್ಬಿಣದ ನಾರು ತುರುಕಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ, ನಾನು ತುರುಕಿದ್ದು ಒಂದೇ ಮಳೆಗೆ ಕೆಂಪು ನೀರಾಗಿ ಗೋಡೆ ಮೇಲೆ ಇಳಿಯಿತು. ಸ್ವಲ್ಪ ಜಾಸ್ತಿ ಆದರೂ ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ. ಉಬ್ಬುವ ಫೋಮ್ ಹಾಕಿಸಬೇಡಿ, ಅದು ಇಲಿಗೆ ಬೆಣ್ಣೆ.

ಹೆಗ್ಗಣದ ಬಿಲಕ್ಕೆ ಮೊದಲು ಹಳೆ ಪೇಪರ್ ಉಂಡೆ ಮಾಡಿ ತುರುಕಿ. ಮರುದಿನ ಪೇಪರ್ ಹೊರಗೆ ಬಿದ್ದಿದ್ದರೆ ಬಿಲದಲ್ಲಿ ಇದೆ ಅಂತ ಅರ್ಥ. ಸಾಮಾನ್ಯವಾಗಿ ಎರಡು ಮೂರು ಬಾಯಿ ಇರುತ್ತದೆ, ಎಲ್ಲ ಹುಡುಕಿ. ದೊಡ್ಡ ಬೋನಿನಲ್ಲಿ ಅದನ್ನು ಹಿಡಿದ ಮೇಲೆ ಒಡೆದ ಗಾಜು ಬೆರೆಸಿದ ಸಿಮೆಂಟ್ ಹಾಕಿ ಮುಚ್ಚಿ. ಸುತ್ತ ಇರುವ ತೆಂಗಿನ ಸಿಪ್ಪೆ, ಹಂಚಿನ ರಾಶಿ ತೆಗೆಸಿ, ಅದರ ಮರೆ ಇದ್ದರೆ ಮತ್ತೆ ತೋಡುತ್ತದೆ. ಪಕ್ಕದ ಕಾಂಪೌಂಡಿನವರ ಜೊತೆಗೂ ಮಾತಾಡಿ. ಅವರೂ ನಿಮ್ಮ ಕಡೆಯಿಂದ ಬಂತು ಅನ್ನುತ್ತಾರೆ, ಎಲ್ಲರ ಎಲೆಯಲ್ಲೂ ಹೆಗ್ಗಣ ಬಿದ್ದಿರುತ್ತದೆ, ಕಾಣುವುದು ಪಕ್ಕದ ಎಲೆಯ ನೊಣ.

ಕಡ್ಲೆ ತೀರ

ಬೆಕ್ಕು ಸಾಕಿದರೆ ಆಗುವುದಿಲ್ಲವಾ? ಪ್ಲಗ್ಗಿಗೆ ಹಾಕುವ ಶಬ್ದದ ಯಂತ್ರ ಬರುತ್ತದಲ್ಲ, ಅದು?

ಅಟ್ಟದಡಿಕೆ

ಬೆಕ್ಕು ಮೂರು ಇವೆ ನಮ್ಮಲ್ಲಿ. ಚುಂಡಿಲಿ, ಇಲಿ ಮರಿ ಹಿಡಿಯುತ್ತವೆ. ದೊಡ್ಡ ಇಲಿ ಬಂದರೆ ಅವುಗಳದ್ದೂ ಮರ್ಯಾದೆಯ ದೂರ. ಹೆಗ್ಗಣ ಕಂಡರೆ ಬೆಕ್ಕೇ ಅಟ್ಟ ಹತ್ತುತ್ತದೆ. ಯಂತ್ರ ತಂದಿದ್ದೆ, ಎರಡು ವಾರಕ್ಕೆ ಇಲಿಗೆ ರೂಢಿ ಆಯಿತು, ಅದರ ವೈರನ್ನೇ ಕಚ್ಚಿತ್ತು. ಕೇರೆ ಹಾವು ಬಂದರೆ ಹೊಡೆಯಬೇಡಿ ಅಂತ ಮಾತ್ರ ಹೇಳುತ್ತೇನೆ, ಇಲಿ ಹಿಡಿಯುವುದರಲ್ಲಿ ಅದಕ್ಕೆ ಸಮ ಇಲ್ಲ. ಹೌದು, ಇಲಿ ಹಿಂದೆ ನಾಗರವೂ ಬರುತ್ತದೆ. ಇಲಿ ಕಡಿಮೆ ಆದರೆ ಆ ಭಯವೂ ಕಡಿಮೆ.

ಬಿಳಿ ಕೋಟಿನ ತಂಗಿ

ನಾನು ಅಂಕೋಲಾ ಕಡೆಯ ಆಸ್ಪತ್ರೆಯಲ್ಲಿ ನರ್ಸ್. ಎಲ್ಲರೂ ಹಿಡಿಯುವ ಬಗ್ಗೆ ಹೇಳಿದಿರಿ, ಗುಡಿಸುವ ಬಗ್ಗೆ ಯಾರೂ ಹೇಳಲಿಲ್ಲ. ಹಿಕ್ಕೆಯನ್ನು ಒಣಗಿದ ಹಾಗೇ ಪೊರಕೆಯಲ್ಲಿ ಗುಡಿಸಬೇಡಿ ಅಕ್ಕಾ, ಧೂಳು ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಸೇರಿಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು, ಕೈಗವಸು ಹಾಕಿಕೊಂಡು ಒರೆಸಿ. ಆ ಡ್ರಾಯರಿನ ಚಮಚ ಎಲ್ಲ ಸೋಪಿನಲ್ಲಿ ತೊಳೆಯಿರಿ. ಜೀರಿಗೆ ಎಸೆಯಿರಿ!

ಮಳೆಗಾಲದಲ್ಲಿ ನಮ್ಮಲ್ಲಿಗೆ ಇಲಿ ಜ್ವರದವರು ಬರುತ್ತಾರೆ. ಇಲಿ ಕಚ್ಚಿ ಬರುವುದಲ್ಲ ಅದು. ಇಲಿ, ಹೆಗ್ಗಣದ ಮೂತ್ರ ಸೇರಿದ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿ ಬರುವುದು. ದನ, ನಾಯಿಯಿಂದಲೂ ಬರಬಹುದು. ಗದ್ದೆ ಕೆಲಸದವರಿಗೆ, ಚಪ್ಪಲಿ ಇಲ್ಲದೆ ಮೋರಿ ತೊಳೆದವರಿಗೆ ಜಾಸ್ತಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು. ಕೆಲವರಿಗೆ ಕಾಮಾಲೆ, ಮೂತ್ರ ಕಡಿಮೆಯಾಗುವುದು. ಬೇಗ ಬಂದರೆ ಔಷಧದಿಂದ ವಾಸಿ ಆಗುತ್ತದೆ. ಜನ ಮಾಮೂಲಿ ಜ್ವರ ಅಂತ ಮನೆಯಲ್ಲೇ ಮಾತ್ರೆ ನುಂಗಿ ಮಲಗಿ, ಕಿಡ್ನಿ ಹೋದ ಮೇಲೆ ಬರುತ್ತಾರೆ. ಡಾಕ್ಟರ್ ಹತ್ತಿರ ಹೋದಾಗ ಗದ್ದೆಗೆ ಇಳಿದಿದ್ದೆ, ಮೋರಿ ತೊಳೆದಿದ್ದೆ ಅಂತ ಬಾಯಿಬಿಟ್ಟು ಹೇಳಿ, ಅವರಿಗೆ ಅದರಿಂದಲೇ ಅರ್ಧ ಗೊತ್ತಾಗುತ್ತದೆ. ಹೆಗ್ಗಣದ ಬಿಲ ಮುಚ್ಚುವವರು ಬೂಟು ಹಾಕಿಕೊಳ್ಳಲಿ. ಬಾವಿ ನೀರು ಕುದಿಸಿ ಕುಡಿಯಿರಿ.

ಯಾರೋ ಕೇಳುವ ಮೊದಲೇ ಹೇಳುತ್ತೇನೆ, ಶಿರಸಿ ಸಿದ್ದಾಪುರದವರು ಪ್ರತಿ ಸಲ ಕೇಳುತ್ತಾರೆ. ಮಂಗನ ಕಾಯಿಲೆ ಮನೆಯ ಇಲಿ ಹಿಕ್ಕೆಯಿಂದ ಬರುವುದಿಲ್ಲ. ಅದು ಕಾಡಿನ ಉಣುಗು ಕಚ್ಚಿ ಬರುವುದು. ಕಾಡಿನ ಸಣ್ಣ ಇಲಿ, ಸೊಂಡಿಲಿಗಳ ಮೈಮೇಲೂ ಆ ಉಣುಗು ಇರುತ್ತದೆ ನಿಜ, ಆದರೆ ಭಯ ಪಡಬೇಕಾದ್ದು ಸೊಪ್ಪಿನ ಬೆಟ್ಟಕ್ಕೆ ಹೋಗುವಾಗ.

ಕೋಡಿಬಾಗದಕ್ಕ

ಚೌತಿ ಮುಗಿಯಿತು, ಹೇಳಿ ಹೋಗೋಣ ಅಂತ ಬಂದೆ. ಮಾವಿನ ಕೊಂಬೆ ಕಡಿಸಿದ ದಿನ ನಮ್ಮವರು ಮುಖ ಗಂಟು ಹಾಕಿಕೊಂಡು ಊಟ ಬಿಟ್ಟರು, ಅವರ ಅಪ್ಪ ನೆಟ್ಟ ಮರ. ಆದರೆ ಆ ರಾತ್ರಿ ಅಟ್ಟದಲ್ಲಿ ಗಲಾಟೆ ಜಾಸ್ತಿ ಆಯಿತು, ದಾರಿ ತಪ್ಪಿದ ಇಲಿಗಳು ಗಾಬರಿಯಾಗಿ ಓಡಿದವೋ ಏನೋ. ಐದು ದಿನ ಬೋನಿಗೆ ಪುಕ್ಕಟೆ ಊಟ ಹಾಕಿದೆ. ಆರನೇ ರಾತ್ರಿ ಒಂದು, ಎಂಟನೇ ರಾತ್ರಿ ಎರಡು. ಬಾಲ ಅಳೆದೆ, ಮೂಗು ದಾಟಿತು! ಕೊಬ್ಬರಿ, ಸೀಗಡಿ ಎರಡೂ ಇಟ್ಟಿದ್ದೆ. ಜಗಳ ಬೇಡ, ಎರಡಕ್ಕೂ ಬಿತ್ತು. ಆಮೇಲೆ ನಾಲ್ಕು ರಾತ್ರಿ ರಂಗೋಲಿ ಪುಡಿಯಲ್ಲಿ ಒಂದೂ ಹೆಜ್ಜೆ ಇಲ್ಲ ಅಂತ ನೋಡಿಕೊಂಡು, ಗೋಡೆ ತಲೆಗೆ ಸ್ಟೀಲ್ ಜಾಲರಿ ಬಡಿಸಿದೆವು. ಅಕ್ಕಿ, ಬೇಳೆ ಎಲ್ಲ ಸ್ಟೀಲ್ ಡಬ್ಬಿಗೆ ಹೋಯಿತು. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಅಂಚು ಕಚ್ಚಿದ್ದು ಆಗಲೇ ಕಂಡದ್ದು. ಚುಂಡಿಲಿ ಕತ್ತರಿಗೆ ಒಟ್ಟು ಐದು ಬಿದ್ದವು, ಒಂದೇ ಇರಬೇಕು ಅಂದುಕೊಂಡಿದ್ದೆ ನಾನು.

ಹೆಗ್ಗಣ ಮಾತ್ರ ಇನ್ನೂ ಇದೆ. ಪೇಪರ್ ಉಂಡೆ ದಿನಾ ಹೊರಗೆ ತಳ್ಳುತ್ತದೆ, ಬೋನಿನ ಕಡೆ ತಿರುಗಿಯೂ ನೋಡುವುದಿಲ್ಲ. ಮೂರನೇ ಬಾಯಿ ಪಕ್ಕದವರ ಕಟ್ಟಿಗೆ ರಾಶಿಯ ಕೆಳಗೆ ಅಂತ ಈಗ ಗೊತ್ತಾಗಿದೆ, ಅವರ ಹತ್ತಿರ ಮಾತು ನಡೆದಿದೆ, ಅಂದರೆ ಜಗಳ ನಡೆದಿದೆ. ಸೊಂಡಿಲಿ ಬಚ್ಚಲಿನಲ್ಲಿ ಆರಾಮಾಗಿದೆ. ಬೋನಿಗೆ ಒಮ್ಮೆ ಬಿದ್ದಿತ್ತು, ಹಸಿವು ತಡೆಯದೆ ಬೇಗ ಸಾಯುತ್ತದೆ ಅಂತ ಎಲ್ಲೋ ಓದಿದ್ದೆ, ತಕ್ಷಣ ಬಿಟ್ಟುಬಿಟ್ಟೆ. ಮಾಟೋಳಿಯ ಹೀರೆಕಾಯಿ ಐದು ದಿನವೂ ಹಾಗೇ ಇತ್ತು. ಅತ್ತೆ ಏನೂ ಹೇಳಲಿಲ್ಲ, ಅಂದರೆ ಸಂತೋಷ ಆಗಿದೆ.

ಕೊನೆಯದೊಂದು. ಇವತ್ತು ಬೆಳಿಗ್ಗೆ ದೇವರ ಕೋಣೆಯಲ್ಲಿ ಮತ್ತೆ ಕಪ್ಪು ಕಾಳು ಎರಡು ಸಿಕ್ಕಿವೆ. ಎದೆ ಧಸಕ್ಕೆಂದಿತು. ಜೀರಿಗೆಗಿಂತ ಸ್ವಲ್ಪ ದೊಡ್ಡದು, ಒಂದು ತುದಿಯಲ್ಲಿ ಬಿಳಿ ಚುಕ್ಕಿ ಇದೆ. ಇದು ಯಾವ ಇಲಿ?

ಅಟ್ಟದಡಿಕೆ

ಬಿಳಿ ಚುಕ್ಕಿ ಇದ್ದರೆ ಹಲ್ಲಿಯದು ಅಕ್ಕಾ. ಅಂಟಿನ ಹಲಗೆಯಿಂದ ತಪ್ಪಿಸಿಕೊಂಡದ್ದು ಇರಬೇಕು.